ಒಪ್ಪಿಕೊಂಡ ಪಿಎಚ್.ಡಿ. ಸೀಟನ್ನು ಬಿಡಬಹುದೇ?

ಪ್ರಶ್ನೆ: ಕರಾವಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪ್ರವೇಶವೂ ಟೀಚಿಂಗ್ ಅಸಿಸ್ಟೆಂಟ್‌ಶಿಪ್ಪೂ (ಬೋಧನೆಗೆ ನೆರವಾಗಿ ಸಂಬಳ ಪಡೆಯುವ ಕೆಲಸ) ಸಿಕ್ಕಿತು. ಏಪ್ರಿಲ್ 12ರಂದು ಒಪ್ಪಿಗೆ ಕಳಿಸಿದೆ. ಏಪ್ರಿಲ್ 22ರಂದು, ನನ್ನನ್ನು ವೇಟಿಂಗ್ ಲಿಸ್ಟ್‌ನಲ್ಲಿ ಇಟ್ಟಿದ್ದ ಇನ್ನೊಂದು ವಿಶ್ವವಿದ್ಯಾಲಯದಿಂದ ಪ್ರವೇಶದ ಪತ್ರ ಬಂತು. ಬ್ಯಾಟರಿಗಳ ಮೇಲೆ ನಾನು ಮಾಡಬೇಕೆಂದಿರುವ ಕೆಲಸ ಅಲ್ಲಿ ನಡೆಯುತ್ತಿದೆ. ಉತ್ತರಿಸಲು ಒಂದು ವಾರ ಕೊಟ್ಟಿದ್ದಾರೆ. ಶಿಫಾರಸು ಪತ್ರ ಕೊಟ್ಟ ನಮ್ಮ ವಿಭಾಗದ ಮುಖ್ಯಸ್ಥರು, ಕೊಟ್ಟ ಮಾತಿಗೆ ತಪ್ಪಬೇಡಿ ಎನ್ನುತ್ತಾರೆ. ಅಪ್ಪ ಈಗಾಗಲೇ ಬಂಧುಗಳಿಗೆಲ್ಲ ಹೇಳಿಬಿಟ್ಟಿದ್ದಾರೆ. ಬಿಡುವುದು ಕಾನೂನಿಗೆ ವಿರುದ್ಧವೇ? ನನ್ನ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆಯೇ? ಎರಡನೆಯವರ ಐ-20 (ವೀಸಾಗೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ದಾಖಲೆ) ಬರುವ ತನಕ ಮೊದಲಿನದನ್ನು ಸುಮ್ಮನೆ ಇಟ್ಟುಕೊಂಡಿರಲೇ?

ಉತ್ತರ: ಬಿಡಬಹುದು. ಅದು ಅಪರಾಧವಲ್ಲ. ಇಂಥದ್ದಕ್ಕಾಗಿ ವಿದ್ಯಾರ್ಥಿಯ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ವಿಶ್ವವಿದ್ಯಾಲಯಗಳೆಲ್ಲ ಸೇರಿ ಇಟ್ಟುಕೊಂಡ ಕಪ್ಪುಪಟ್ಟಿ ಎಂಬುದೂ ಇಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಅಷ್ಟೇ ಖಚಿತ: ಬೇಡ. ಎರಡು ದೋಣಿಯಲ್ಲಿ ಕಾಲಿಟ್ಟು ಜೂನ್‌ವರೆಗೆ, ಜುಲೈವರೆಗೆ ಕಾಯಬೇಡಿ. ಮನಸ್ಸು ಬದಲಾಗುವುದು ತಪ್ಪಲ್ಲ, ಬದಲಾದದ್ದನ್ನು ಮುಚ್ಚಿಟ್ಟುಕೊಂಡು ಕೂರುವುದು ತಪ್ಪು. ನಿಮ್ಮ ಕೈಯಲ್ಲಿ ಇನ್ನೂ ಕೆಲವು ದಿನಗಳಿವೆ, ಅಷ್ಟು ಸಾಕು.

ಮೊದಲು ಏಪ್ರಿಲ್ 15ರ ಮಾತು. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಸಂಸ್ಥೆಯ ಒಂದು ನಿರ್ಣಯಕ್ಕೆ ಅಲ್ಲಿನ ನೂರಾರು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಹಣಕಾಸಿನ ನೆರವಿನೊಂದಿಗೆ ಬರುವ ಪ್ರವೇಶಕ್ಕೆ ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ ಎಂಬುದು ಅದರ ತಿರುಳು. ಜೊತೆಗೆ, ವಿದ್ಯಾರ್ಥಿ ಒಪ್ಪಿಕೊಂಡ ಮೇಲೆ ಅದು ಇಬ್ಬರೂ ಗೌರವಿಸಬೇಕೆಂದು ನಿರೀಕ್ಷಿಸುವ ಒಪ್ಪಂದ ಎಂದೂ ಅದು ಹೇಳುತ್ತದೆ. ನಿಮ್ಮ ಮುಖ್ಯಸ್ಥರ ಮಾತಿನಲ್ಲಿ ಹುರುಳಿದೆ ಎನ್ನುವುದು ಇದಕ್ಕೇ.

ನಿರ್ಣಯದ ಹಳೆಯ ಪಾಠದಲ್ಲಿ ಇನ್ನೊಂದು ಷರತ್ತು ಇತ್ತು. ಏಪ್ರಿಲ್ 15ರವರೆಗೆ ಒಪ್ಪಿಗೆಯನ್ನು ಬರಹದಲ್ಲಿ ಹಿಂಪಡೆಯಬಹುದು. ಆ ದಿನ ದಾಟಿದರೆ ಮೊದಲ ವಿಶ್ವವಿದ್ಯಾಲಯದಿಂದ ಬಿಡುಗಡೆಯ ಪತ್ರ ಪಡೆಯದೆ ಇನ್ನೊಂದನ್ನು ಒಪ್ಪುವಂತಿಲ್ಲ. ಎರಡನೆಯವರೂ ಆ ಪತ್ರ ನೋಡಿಯೇ ಸೇರಿಸಿಕೊಳ್ಳಬೇಕಿತ್ತು. ಈಗಿನ ಪಾಠದಲ್ಲಿ ಈ ಷರತ್ತನ್ನು ಕೈಬಿಟ್ಟಿದ್ದಾರೆ. ಹಳೆಯ ಸಲಹೆಗಳನ್ನು ಓದಿ ಹೆದರುವ ವಿದ್ಯಾರ್ಥಿಗಳು ಪ್ರತಿ ವರ್ಷ ಸಿಗುತ್ತಾರೆ, ಆದ್ದರಿಂದ ಇಷ್ಟು ವಿವರ. ಆದರೂ ನಿಮ್ಮ ಆಫರ್ ಪತ್ರವನ್ನು ತೆಗೆದು ಇವತ್ತೇ ಕೊನೆಯ ಸಾಲಿನವರೆಗೆ ಓದಿ. ವಿಭಾಗವೇ ತನ್ನದೊಂದು ಷರತ್ತು ಸೇರಿಸಿರಬಹುದು. ಎರಡನೆಯ ವಿಶ್ವವಿದ್ಯಾಲಯದವರು ಬಿಡುಗಡೆ ಪತ್ರ ಕೇಳಲೂಬಹುದು. ಯಾರೂ ಕೇಳದಿದ್ದರೂ ಅದನ್ನು ಪಡೆದುಕೊಳ್ಳಿ ಎಂಬುದು ನನ್ನ ಸಲಹೆ. ‘ನಿಮ್ಮ ಒಪ್ಪಿಗೆ ರದ್ದಾಗಿದೆ, ಶುಭವಾಗಲಿ’ ಎಂಬ ಎರಡು ಸಾಲಿನ ಇಮೇಲ್ ಆದರೂ ಸರಿ. ಅದು ಕೈಗೆ ಬಂದ ಕ್ಷಣ ನಿಮ್ಮ ತಲೆಯ ಮೇಲಿನ ಹೊರೆ ಇಳಿಯುತ್ತದೆ.

ಈಗ ಆ ಕಡೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ವಿದ್ಯಾರ್ಥಿಗಳಿಗೆ ಇದು ಕಾಣುವುದೇ ಇಲ್ಲ. ಅವರ ಕಣ್ಣಿಗೆ ಅದು ದೂರದ ಒಂದು ದೊಡ್ಡ ಸಂಸ್ಥೆ. ಒಬ್ಬ ವಿದ್ಯಾರ್ಥಿ ಬಾರದಿದ್ದರೆ ಅದಕ್ಕೇನಾಗುತ್ತದೆ ಎಂಬ ಭಾವನೆ.

ರಸಾಯನಶಾಸ್ತ್ರ ವಿಭಾಗವೊಂದಕ್ಕೆ ಈ ವರ್ಷ ಹದಿನೈದು ಹೊಸ ವಿದ್ಯಾರ್ಥಿಗಳು ಬೇಕು ಎಂದಿಟ್ಟುಕೊಳ್ಳೋಣ. ಪದವಿ ತರಗತಿಗಳ ಪ್ರಯೋಗಾಲಯಗಳನ್ನು ನಡೆಸುವವರು ಈ ಟೀಚಿಂಗ್ ಅಸಿಸ್ಟೆಂಟ್‌ಗಳೇ. ಆಗಸ್ಟ್ ಕೊನೆಯ ವಾರ ತರಗತಿ ಶುರುವಾದಾಗ, ಇಪ್ಪತ್ತು ಹುಡುಗರು ಬ್ಯುರೆಟ್ ಹಿಡಿದು ನಿಂತಿರುವ ಕೋಣೆಯಲ್ಲಿ ಒಬ್ಬ ಅಸಿಸ್ಟೆಂಟ್ ಇರಲೇಬೇಕು. ಏಪ್ರಿಲ್ 15ರ ಮರುದಿನ ಪ್ರವೇಶ ಸಮಿತಿಯವರು ಪಟ್ಟಿ ಮುಂದಿಟ್ಟುಕೊಂಡು ಕೂರುತ್ತಾರೆ. ಹದಿಮೂರು ಜನ ಒಪ್ಪಿದ್ದಾರೆ, ಇನ್ನಿಬ್ಬರು ಬೇಕು. ವೇಟಿಂಗ್ ಲಿಸ್ಟ್‌ನಲ್ಲಿರುವವರಿಗೆ ಆ ವಾರವೇ ಪತ್ರ ಹೋಗುತ್ತದೆ. ನಿಮಗೆ 22ರಂದು ಬಂದದ್ದು ಇಂಥದ್ದೇ ಪತ್ರ. ಅಲ್ಲಿ ಯಾರೋ ಒಬ್ಬರು ಬಿಟ್ಟುಹೋದದ್ದರಿಂದ ನಿಮ್ಮ ಹೆಸರು ಮೇಲೆ ಬಂದಿರಬಹುದು.

ಏಪ್ರಿಲ್ ಕೊನೆಯಲ್ಲಿ ನೀವು ಬಿಟ್ಟರೆ ಮೊದಲ ವಿಭಾಗಕ್ಕೂ ಆ ಅವಕಾಶ ಇನ್ನೂ ಇರುತ್ತದೆ. ಕಾಯುತ್ತಿರುವ ಕೆಲವರು ಇನ್ನೂ ಎಲ್ಲೂ ಸೇರಿರುವುದಿಲ್ಲ, ಅವರಲ್ಲೊಬ್ಬರಿಗೆ ನಿಮ್ಮ ಸೀಟು ಸಿಗುತ್ತದೆ. ಮೇ ಕಳೆಯುವ ಹೊತ್ತಿಗೆ ಅವರೆಲ್ಲ ಬೇರೆ ಬೇರೆ ಕಡೆ ನೆಲೆ ಕಂಡುಕೊಂಡಿರುತ್ತಾರೆ. ವಿದೇಶದ ವಿದ್ಯಾರ್ಥಿಗೆ ಐ-20 ಕೊಟ್ಟು, ವೀಸಾ ಸಂದರ್ಶನದ ದಿನ ಸಿಕ್ಕಿ, ಆಗಸ್ಟ್‌ಗೆ ಅಲ್ಲಿ ತಲುಪುವಂತೆ ಮಾಡಲು ಜೂನ್‌ನಲ್ಲಿ ಸಮಯ ಸಾಲುವುದಿಲ್ಲ. ಜುಲೈನಲ್ಲಿ ಬಿಟ್ಟವರ ಸೀಟು ಆ ವರ್ಷ ಖಾಲಿಯೇ ಉಳಿಯುತ್ತದೆ. ಆ ಪ್ರಯೋಗಾಲಯದ ತರಗತಿ, ಈಗಾಗಲೇ ಎರಡು ತರಗತಿ ನೋಡಿಕೊಳ್ಳುತ್ತಿರುವ ಸೀನಿಯರ್ ಒಬ್ಬರ ಹೆಗಲಿಗೆ ಬೀಳುತ್ತದೆ. ಆ ಸೀಟಿಗಾಗಿ ಕಾದು ಕುಳಿತಿದ್ದ ಯಾರೋ ಒಬ್ಬರು, ಬಹುಶಃ ನಿಮ್ಮ ಹಾಗೆಯೇ ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಅರ್ಜಿ ಹಾಕಿದವರು, ಒಂದು ವರ್ಷ ಕಳೆದುಕೊಂಡಿರುತ್ತಾರೆ. ಇನ್ನು ಏನೂ ಹೇಳದೆ ಆಗಸ್ಟ್‌ನಲ್ಲಿ ಬಾರದೆ ಉಳಿಯುವವರೂ ಇದ್ದಾರೆ. ಪ್ರವೇಶ ಸಮಿತಿಗಳಲ್ಲಿ ಕುಳಿತವರು ಮರೆಯದೆ ನೆನಪಿಟ್ಟುಕೊಳ್ಳುವುದು ಇವರನ್ನೇ.

ಆದ್ದರಿಂದ ಕಪ್ಪುಪಟ್ಟಿ ಇಲ್ಲ ಎಂದ ಮಾತ್ರಕ್ಕೆ ನೆನಪೂ ಇಲ್ಲ ಎಂದುಕೊಳ್ಳಬೇಡಿ. ಬ್ಯಾಟರಿ ಸಂಶೋಧನೆಯ ಲೋಕ ಹೊರಗಿನಿಂದ ಕಾಣುವಷ್ಟು ದೊಡ್ಡದಲ್ಲ. ಇವತ್ತು ನೀವು ಬಿಡುತ್ತಿರುವ ವಿಭಾಗದ ಪ್ರಾಧ್ಯಾಪಕರು ನಾಲ್ಕು ವರ್ಷಗಳ ನಂತರ ನಿಮ್ಮ ಲೇಖನದ ವಿಮರ್ಶಕರಾಗಿರಬಹುದು, ಸಮ್ಮೇಳನದಲ್ಲಿ ನಿಮ್ಮ ಪೋಸ್ಟರ್ ಮುಂದೆ ಬಂದು ನಿಲ್ಲಬಹುದು, ನೀವು ಪೋಸ್ಟ್‌ಡಾಕ್‌ಗೆ (ಪಿಎಚ್.ಡಿ. ನಂತರದ ಸಂಶೋಧನಾ ಕೆಲಸಕ್ಕೆ) ಅರ್ಜಿ ಹಾಕುವ ಲ್ಯಾಬ್ ಅವರ ಗೆಳೆಯರದ್ದಾಗಿರಬಹುದು. ಏಪ್ರಿಲ್‌ನಲ್ಲಿ ಸೌಜನ್ಯದಿಂದ ಬರೆದು ಬಿಟ್ಟವರನ್ನು ಅವರು ಒಂದು ತಿಂಗಳಲ್ಲಿ ಮರೆಯುತ್ತಾರೆ. ಬಿಡುವವರು ಪ್ರತಿ ವರ್ಷವೂ ಇರುತ್ತಾರೆ, ಅವರಿಗೆ ಇದು ಹೊಸದೇನಲ್ಲ.

ನಿಮ್ಮ ಮುಖ್ಯಸ್ಥರ ಆತಂಕ ಬೇರೆಯದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐಐಎಸ್‌ಸಿಯಿಂದಲೋ ಐಐಟಿಯಿಂದಲೋ ಹೋದವರು ಒಬ್ಬರು ಕೈಕೊಟ್ಟರೆ ಆ ಸಂಸ್ಥೆಯ ಹೆಸರಿಗೆ ಧಕ್ಕೆ ಬರುವುದಿಲ್ಲ. ಒಂದು ಊರಿನ ಕಾಲೇಜಿನಿಂದ ಮೂರು ವರ್ಷಕ್ಕೊಬ್ಬರು ಹೋಗುವಾಗ ಲೆಕ್ಕ ಬೇರೆ. ಆ ಕಾಲೇಜಿನ ಹೆಸರನ್ನು ಸಮಿತಿಯವರು ನಿಮ್ಮ ಅರ್ಜಿಯಲ್ಲಿಯೇ ಮೊದಲ ಸಲ ಓದಿರಬಹುದು, ಮುಂದಿನ ಅರ್ಜಿ ಬಂದಾಗ ನಿಮ್ಮ ಹೆಸರು ನೆನಪಾಗುತ್ತದೆ. ನಿಮ್ಮ ಹಿಂದೆ ಬರುವ ಹುಡುಗಿಯರಿಗಾಗಿ ನಿಮ್ಮ ಮುಖ್ಯಸ್ಥರು ಬರೆಯುವ ಶಿಫಾರಸು ಪತ್ರದ ತೂಕ ಇದರಲ್ಲಿದೆ. ಆದ್ದರಿಂದ ವಿಷಯ ಅವರಿಗೆ ಬೇರೆಯವರಿಂದ ತಿಳಿಯಬಾರದು. ಮೊದಲ ವಿಶ್ವವಿದ್ಯಾಲಯಕ್ಕೆ ಬರೆಯುವ ಮುನ್ನ ಅವರ ಕೋಣೆಗೆ ಹೋಗಿ, ಕುಳಿತು, ಹೇಳಿ: “ಸರ್, ನಾನು ಬಿಡಬೇಕೆಂದು ಯೋಚಿಸುತ್ತಿದ್ದೇನೆ. ಮುಚ್ಚಿಟ್ಟು ಬಿಡುವುದಿಲ್ಲ. ಮೊದಲು ಅವರಿಗೆ ಬರೆದು ಬಿಡುಗಡೆ ಕೇಳುತ್ತೇನೆ, ಆಮೇಲೆ ಎರಡನೆಯದನ್ನು ಒಪ್ಪುತ್ತೇನೆ. ಪತ್ರದ ಕರಡನ್ನು ನೀವು ಒಮ್ಮೆ ನೋಡಿಕೊಡಬೇಕು.” ಕರಡನ್ನು ಅವರ ಕೈಗೇ ಕೊಡಿ. ಹೀಗೆ ಹೇಳಿದ ಮೇಲೂ ತಡೆಯುವ ಅಧ್ಯಾಪಕರನ್ನು ನಾನು ಹೆಚ್ಚು ಕಂಡಿಲ್ಲ.

ಆದರೆ ಇದೆಲ್ಲ ಬಿಡುವುದಾದರೆ ಮಾಡಬೇಕಾದದ್ದು. ಬಿಡಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಅದನ್ನು ತೀರ್ಮಾನಿಸಲು ಬೇಕಾದ ಒಂದು ಮುಖ್ಯ ಸಂಗತಿ ನಿಮ್ಮ ಪತ್ರದಲ್ಲಿ ಇಲ್ಲ.

‘ನಾನು ಮಾಡಬೇಕೆಂದಿರುವ ಕೆಲಸ ಅಲ್ಲಿ ನಡೆಯುತ್ತಿದೆ’ ಎಂದು ಬರೆದಿದ್ದೀರಿ. ಆ ಕೆಲಸ ನಡೆಸುವ ಪ್ರಾಧ್ಯಾಪಕರೊಂದಿಗೆ ಮಾತನಾಡಿದ್ದೀರಾ? ಅಮೆರಿಕದ ರಸಾಯನಶಾಸ್ತ್ರ ವಿಭಾಗಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಸಿಗುವುದು ವಿಭಾಗಕ್ಕೆ, ಒಬ್ಬ ಗೈಡ್‌ನ ಲ್ಯಾಬ್‌ಗಲ್ಲ. ಹೋದ ಮೇಲೆ ಮೊದಲ ಸೆಮಿಸ್ಟರ್‌ನಲ್ಲಿ ಹಲವು ಪ್ರಾಧ್ಯಾಪಕರನ್ನು ಭೇಟಿಯಾಗಿ, ಕೆಲವೆಡೆ ಎರಡು ಮೂರು ಲ್ಯಾಬ್‌ಗಳಲ್ಲಿ ಕೆಲವು ವಾರ ಕೆಲಸ ಮಾಡಿ, ಬಳಿಕ ಇಷ್ಟದ ಲ್ಯಾಬ್‌ಗಳ ಪಟ್ಟಿ ಕೊಡಬೇಕು. ಹೆಸರಾದ ಲ್ಯಾಬ್‌ಗೆ ಎಂಟು ಜನ ಕೈಚಾಚುತ್ತಾರೆ, ಅಲ್ಲಿ ಜಾಗ ಇಬ್ಬರಿಗೆ. ನೀವು ಆಸೆಪಟ್ಟ ಪ್ರಾಧ್ಯಾಪಕರು ಮುಂದಿನ ವರ್ಷ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಿರಬಹುದು, ನಿವೃತ್ತಿಯ ಹತ್ತಿರ ಇರಬಹುದು, ಅವರ ಅನುದಾನ ಮುಗಿಯುತ್ತಾ ಬಂದಿರಬಹುದು. ಜಾಲತಾಣದಲ್ಲಿ ಅವರ ಲ್ಯಾಬ್‌ನ ಪುಟ ಸುಂದರವಾಗಿದೆ ಎಂಬ ಕಾರಣಕ್ಕೆ, ಕೈಯಲ್ಲಿರುವ ಸೀಟನ್ನು ಬಿಟ್ಟು ಹೋಗಿ ಡಿಸೆಂಬರ್‌ನಲ್ಲಿ ಆಸಕ್ತಿಯೇ ಇಲ್ಲದ ಲ್ಯಾಬ್‌ಗೆ ಸೇರುವಂತಾದರೆ, ಐದಾರು ವರ್ಷ ಅದನ್ನು ಹೊತ್ತು ನಡೆಯಬೇಕಾದವರು ನೀವು.

ಆದ್ದರಿಂದ ಇವತ್ತೇ ಅವರಿಗೆ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ಈ ಆಗಸ್ಟ್‌ನಲ್ಲಿ ಬರುವ ಹೊಸ ವಿದ್ಯಾರ್ಥಿಗಳಲ್ಲಿ ಯಾರನ್ನಾದರೂ ತೆಗೆದುಕೊಳ್ಳುವ ಯೋಚನೆ ಇದೆಯೇ, ಎಷ್ಟು ಜನರನ್ನು, ಬ್ಯಾಟರಿಯ ಯೋಜನೆ ಇನ್ನೂ ಮೂರ್ನಾಲ್ಕು ವರ್ಷ ನಡೆಯುತ್ತದೆಯೇ ಎಂದು ಕೇಳಿ. ಹದಿನೈದು ನಿಮಿಷ ವಿಡಿಯೊ ಕರೆಯಲ್ಲಿ ಮಾತನಾಡಲು ಸಾಧ್ಯವೇ ಎಂದೂ ಕೇಳಿ. ಜೊತೆಗೆ ಆ ಲ್ಯಾಬ್‌ನ ಈಗಿನ ಇಬ್ಬರು ವಿದ್ಯಾರ್ಥಿಗಳಿಗೆ ಬೇರೆಯಾಗಿ ಬರೆಯಿರಿ. ಅವರಿಗೆ ಕೇಳಬೇಕಾದದ್ದು ಬೇರೆ: ಗೈಡ್ ವಾರಕ್ಕೊಮ್ಮೆ ಸಿಗುತ್ತಾರೆಯೇ, ಇತ್ತೀಚೆಗೆ ಮುಗಿಸಿದವರು ಎಷ್ಟು ವರ್ಷ ತೆಗೆದುಕೊಂಡರು, ಅರ್ಧಕ್ಕೆ ಬಿಟ್ಟವರು ಯಾರಾದರೂ ಇದ್ದಾರೆಯೇ. ಬರಹದಲ್ಲಿ ನುಣುಚಿಕೊಳ್ಳುವವರು ಕರೆಯಲ್ಲಿ ಬಾಯಿಬಿಡುತ್ತಾರೆ, ಆದ್ದರಿಂದ ಕರೆಗೇ ಪ್ರಯತ್ನಿಸಿ.

ಹಣವನ್ನೂ ತೂಗಿ ನೋಡಿ, ಮೊತ್ತ ನೋಡಿ ಮರುಳಾಗಬೇಡಿ. ಒಂದು ಕಡೆ ವರ್ಷಕ್ಕೆ 30,000 ಡಾಲರ್, ಇನ್ನೊಂದು ಕಡೆ 27,000 ಎಂದು ಬರೆದಿದ್ದರೆ ಮೊದಲನೆಯದು ಹೆಚ್ಚೆಂದು ಹೇಳಲಾಗದು. ಆ ಮೊತ್ತ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಬೇಸಿಗೆಯಲ್ಲಿ ಸಂಬಳ ಉಂಟೇ? ಬೋಧನಾ ಶುಲ್ಕ ಮನ್ನಾ ಆದರೂ ‘ವಿದ್ಯಾರ್ಥಿ ಶುಲ್ಕ’ ಎಂಬ ಹೆಸರಿನಲ್ಲಿ ಸೆಮಿಸ್ಟರ್‌ಗೆ ನೂರಾರು ಡಾಲರ್ ನೀವೇ ಕಟ್ಟಬೇಕೇ? ಆರೋಗ್ಯ ವಿಮೆಯ ಕಂತು ಯಾರದ್ದು? ನೆರವು ಎಷ್ಟು ವರ್ಷಕ್ಕೆ ಖಾತರಿ, ಒಂದೇ ವರ್ಷಕ್ಕೋ ಐದು ವರ್ಷಕ್ಕೋ? ಬಾಸ್ಟನ್‌ನಂಥ ಊರಿನ ಬಾಡಿಗೆಗೂ ಮಧ್ಯಪಶ್ಚಿಮದ ಸಣ್ಣ ಊರಿನ ಬಾಡಿಗೆಗೂ ಅಜಗಜಾಂತರ. ಎರಡನೆಯವರ ಪತ್ರದಲ್ಲಿ ಇವೆಲ್ಲ ಬರಹದಲ್ಲಿ ಇರಬೇಕು. ‘ನೆರವು ಸಿಗುವ ಸಾಧ್ಯತೆ ಇದೆ’ ಎಂದಷ್ಟೇ ಬರೆದಿದ್ದರೆ ಅದು ಆಫರ್ ಅಲ್ಲ, ಅದನ್ನು ನಂಬಿ ಏನನ್ನೂ ಬಿಡಬೇಡಿ.

ಇನ್ನೊಂದು ಮಾತು, ಇದನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು. ಎರಡನೆಯ ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ಮೇಲಿದೆಯೇ? ಹೌದಾದರೆ, ಆ ರ‍್ಯಾಂಕಿಂಗನ್ನು ಒಂದು ಕ್ಷಣ ತೆಗೆದುಹಾಕಿ ನೋಡಿ. ಅದಿಲ್ಲದೆಯೂ ಅಲ್ಲಿಗೇ ಹೋಗಬೇಕು ಅನ್ನಿಸುತ್ತದೆಯೇ? ಪಿಎಚ್.ಡಿ.ಯಲ್ಲಿ ದಿನ ಬೆಳಗಾದರೆ ನೀವು ಮುಖ ನೋಡುವುದು ಗೈಡ್‌ನದ್ದು, ವಿಶ್ವವಿದ್ಯಾಲಯದ ಹೆಸರಿನದ್ದಲ್ಲ. ಒಪ್ಪಿಗೆ ಕಳಿಸಿದ ಮೇಲೆ ಎಲ್ಲರಿಗೂ ಒಂದು ಭಯ ಹತ್ತುತ್ತದೆ: ಸರಿಯಾದದ್ದನ್ನೇ ಆರಿಸಿದೆನೇ ಎಂದು. ಎರಡನೆಯ ಪತ್ರ ಬಂದಾಗ ಆ ಭಯಕ್ಕೆ ಒಂದು ದಾರಿ ಸಿಕ್ಕಂತಾಗುತ್ತದೆ. ಹೀಗೆ ಬಿಟ್ಟವರು ಎರಡನೆಯ ಕಡೆಗೆ ಹೋಗಿಯೂ ಅದೇ ಭಯ ಪಡುತ್ತಾರೆ. ನಿಮ್ಮ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಲಾಗುತ್ತದೆಯೇ ನೋಡಿ. ‘ಘನ ಎಲೆಕ್ಟ್ರೊಲೈಟ್‌ಗಳ ಮೇಲೆ ಕೆಲಸ ಮಾಡುವವರು ಅಲ್ಲಿ ಇಬ್ಬರಿದ್ದಾರೆ, ಇಲ್ಲಿ ಒಬ್ಬರೂ ಇಲ್ಲ’ ಎಂಬುದು ಕಾರಣ. ‘ಅದು ಒಳ್ಳೆಯದು ಅನ್ನಿಸುತ್ತದೆ’ ಎಂಬುದು ಕಾರಣವಲ್ಲ.

ಪ್ರಾಧ್ಯಾಪಕರಿಂದ ಒಳ್ಳೆಯ ಉತ್ತರ ಬಂತು, ಹಣದ ಲೆಕ್ಕ ಸರಿಹೋಯಿತು, ಕಾರಣ ಗಟ್ಟಿಯಾಗಿ ನಿಂತಿತು ಎನ್ನೋಣ. ಆಗ ಮೊದಲ ವಿಶ್ವವಿದ್ಯಾಲಯಕ್ಕೆ ಬರೆಯಿರಿ. ಆಫರ್ ಪತ್ರಕ್ಕೆ ಸಹಿ ಹಾಕಿದವರಿಗೆ, ಅಂದರೆ ಸಾಮಾನ್ಯವಾಗಿ ವಿಭಾಗದ ಗ್ರಾಜುಯೇಟ್ ಡೈರೆಕ್ಟರ್‌ಗೆ, ಇಮೇಲ್ ಕಳಿಸಿ. ಪ್ರವೇಶದ ಕೆಲಸ ನೋಡಿಕೊಳ್ಳುವ ಕಚೇರಿಯವರಿಗೂ ಪ್ರತಿ ಹೋಗಲಿ. ಅರ್ಜಿಯ ಪೋರ್ಟಲ್‌ನಲ್ಲಿ ‘ನಿರಾಕರಿಸು’ ಎಂಬ ಗುಂಡಿ ಒತ್ತಿ ಸುಮ್ಮನಾಗಬೇಡಿ. ಆ ವಿಭಾಗದಲ್ಲಿ ನಿಮ್ಮೊಂದಿಗೆ ಮೊದಲೇ ಮಾತನಾಡಿದ ಪ್ರಾಧ್ಯಾಪಕರಿದ್ದರೆ ಅವರಿಗೆ ಬೇರೆಯೇ ಎರಡು ಸಾಲು ಬರೆಯಿರಿ; ಸುದ್ದಿ ಅವರಿಗೆ ಕಚೇರಿಯಿಂದ ತಿಳಿಯಬಾರದು.

ಪತ್ರದಲ್ಲಿ ಏನಿರಬೇಕು? ನೀವು ಬರೆಯುವುದು ಇಂಗ್ಲಿಷ್‌ನಲ್ಲಿ, ಆದರೆ ಮೊದಲು ಕನ್ನಡದಲ್ಲಿ ಯೋಚಿಸಿದರೆ ಅನಗತ್ಯವಾದ ಅಲಂಕಾರ ತಾನಾಗಿ ಉದುರುತ್ತದೆ. ಹೀಗೆ:

“ಏಪ್ರಿಲ್ 12ರಂದು ನಾನು ನಿಮ್ಮ ವಿಭಾಗದ ಪ್ರವೇಶವನ್ನೂ ಅಸಿಸ್ಟೆಂಟ್‌ಶಿಪ್ಪನ್ನೂ ಒಪ್ಪಿಕೊಂಡಿದ್ದೆ. ಆ ಬಳಿಕ, ನನ್ನನ್ನು ವೇಟಿಂಗ್ ಲಿಸ್ಟ್‌ನಲ್ಲಿ ಇಟ್ಟಿದ್ದ ಇನ್ನೊಂದು ವಿಶ್ವವಿದ್ಯಾಲಯದಿಂದ ಏಪ್ರಿಲ್ 22ರಂದು ಪ್ರವೇಶ ಬಂದಿದೆ. ನಾನು ಮಾಡಬೇಕೆಂದಿರುವ ಸಂಶೋಧನೆಗೆ ಅದು ಹೆಚ್ಚು ಹತ್ತಿರವಾಗಿದೆ. ಆದ್ದರಿಂದ ನನ್ನ ಒಪ್ಪಿಗೆಯನ್ನು ಹಿಂಪಡೆಯಲು ನಿಮ್ಮ ಅನುಮತಿ ಕೋರುತ್ತೇನೆ. ಒಪ್ಪಿದ ಮೇಲೆ ಹೀಗೆ ಕೇಳುವುದರಿಂದ ನಿಮಗೆ ತೊಂದರೆಯಾಗುತ್ತದೆ ಎಂಬ ಅರಿವು ನನಗಿದೆ; ಕ್ಷಮಿಸಬೇಕು. ಸೀಟು ಇನ್ನೊಬ್ಬರಿಗೆ ಸಿಗಲೆಂದು ತಡಮಾಡದೆ ಬರೆಯುತ್ತಿದ್ದೇನೆ. ಬಿಡುಗಡೆಯನ್ನು ಬರಹದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ. ನೀವು ನನ್ನ ಅರ್ಜಿಗೆ ಕೊಟ್ಟ ಸಮಯಕ್ಕೆ ಕೃತಜ್ಞಳಾಗಿದ್ದೇನೆ.”

ಇಷ್ಟೇ. ಮನೆಯ ಕಷ್ಟಗಳ ಕಥೆ ಬೇಡ. ಅಜ್ಜಿಗೆ ಹುಷಾರಿಲ್ಲ, ಈ ವರ್ಷ ಬರಲಾಗದು ಎಂಬ ಸುಳ್ಳಂತೂ ಬೇಡವೇ ಬೇಡ. ಆಗಸ್ಟ್‌ನಲ್ಲಿ ನಿಮ್ಮ ಹೆಸರು ಎರಡನೆಯ ವಿಭಾಗದ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಮೊದಲ ವಿಶ್ವವಿದ್ಯಾಲಯದ ಕೊರತೆಗಳನ್ನು ಪಟ್ಟಿ ಮಾಡಬೇಡಿ. ‘ಸ್ಟೈಪೆಂಡ್ ಹೆಚ್ಚಿಸಿದರೆ ಉಳಿಯುತ್ತೇನೆ’ ಎಂಬ ಚೌಕಾಶಿಗೂ ಇದು ಹೊತ್ತಲ್ಲ, ಅದನ್ನು ಒಪ್ಪುವ ಮುನ್ನ ಕೇಳಬೇಕಿತ್ತು. ಒಂದು ವರ್ಷ ಮುಂದೂಡಿಕೊಡಿ ಎಂದು ಕೇಳಿ ಸೀಟನ್ನು ಜೇಬಿನಲ್ಲಿಟ್ಟುಕೊಳ್ಳುವುದೂ ಬೇಡ. ಮುಂದೂಡಿಕೆ ಇರುವುದು ಅಲ್ಲಿಗೇ ಹೋಗುವ ಮನಸ್ಸಿರುವವರಿಗೆ.

ಎರಡು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಕಚೇರಿಗೆ ಫೋನ್ ಮಾಡಿ. ಅಲ್ಲಿ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತು ನಮಗೆ ಸಂಜೆ, ತೊಂದರೆಯೇನಿಲ್ಲ. ಅಷ್ಟರಲ್ಲಿ ಎರಡನೆಯವರ ಗಡುವು ಮುಗಿಯುವಂತಿದ್ದರೆ ಇದ್ದದ್ದನ್ನು ಇದ್ದಂತೆ ತಿಳಿಸಿ: ಬರುವ ಮನಸ್ಸಿದೆ, ಮೊದಲ ವಿಭಾಗದಿಂದ ಬಿಡುಗಡೆ ಕೇಳಿದ್ದೇನೆ, ನಾಲ್ಕು ದಿನ ಹೆಚ್ಚು ಕೊಡುವಿರಾ. ಇದನ್ನು ಕೇಳಿ ನಿಮ್ಮ ಬಗ್ಗೆ ಅವರಿಗೆ ಗೌರವ ಹೆಚ್ಚೀತೇ ಹೊರತು ಕಡಿಮೆಯಾಗದು. ಬಿಡುಗಡೆಯನ್ನೇ ಕೊಡದಿದ್ದರೆ ಎಂಬ ಚಿಂತೆ ಬೇಡ. ಬರಲು ಮನಸ್ಸಿಲ್ಲದವರನ್ನು ಕಟ್ಟಿಹಾಕಿ ಐದು ವರ್ಷ ಸಂಬಳ ಕೊಡುವ ಆಸೆ ಯಾವ ವಿಭಾಗಕ್ಕೂ ಇರುವುದಿಲ್ಲ.

ಐ-20ರ ವಿಷಯದಲ್ಲಿ ಮಾತ್ರ ಎಚ್ಚರದಿಂದಿರಿ. ಪ್ರತಿ ವಿಶ್ವವಿದ್ಯಾಲಯವೂ ಕೊಡುವ ಐ-20ರಲ್ಲಿ ಬೇರೆಯೇ ಸೆವಿಸ್ (ಅಮೆರಿಕ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ವ್ಯವಸ್ಥೆ) ಸಂಖ್ಯೆ ಇರುತ್ತದೆ. ಮೊದಲನೆಯದರ ಸಂಖ್ಯೆಗೆ 350 ಡಾಲರ್ ಸೆವಿಸ್ ಶುಲ್ಕ ಈಗಾಗಲೇ ಕಟ್ಟಿದ್ದರೆ ಅದು ನಷ್ಟವಲ್ಲ. ಎರಡನೆಯ ಐ-20 ಬಂದ ಮೇಲೆ ಆ ಹಣವನ್ನು ಹೊಸ ಸಂಖ್ಯೆಗೆ ವರ್ಗಾಯಿಸಲು ಅವಕಾಶವಿದೆ. ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿದ್ದರೆ ಹೊಸ ವಿಶ್ವವಿದ್ಯಾಲಯದ ಹೆಸರು, ಹೊಸ ಸಂಖ್ಯೆಯೊಂದಿಗೆ ಮತ್ತೆ ತುಂಬುವುದೇ ಕ್ಷೇಮ. ವೀಸಾ ಶುಲ್ಕ ಮಾತ್ರ ಹಿಂದಿರುಗುವುದಿಲ್ಲ. ‘ಮೊದಲನೆಯವರ ಐ-20 ಬೇಗ ಬಂತು, ಅದರಲ್ಲೇ ಚೆನ್ನೈಗೋ ಹೈದರಾಬಾದಿಗೋ ಹೋಗಿ ವೀಸಾ ಮುಗಿಸಿಕೊಂಡು, ಅಲ್ಲಿಗೆ ಹೋದ ಮೇಲೆ ಬದಲಿಸಿಕೊಂಡರಾಯಿತು’ ಎಂದು ಸಲಹೆ ಕೊಡುವ ಏಜೆಂಟರಿದ್ದಾರೆ. ಅವರ ಮಾತು ಕೇಳಬೇಡಿ. ಮೊದಲ ಸಲ ಅಮೆರಿಕ ಪ್ರವೇಶಿಸುವಾಗ ನಿಮ್ಮ ಕೈಯಲ್ಲಿರುವ ಐ-20 ನೀವು ನಿಜವಾಗಿ ಓದಲಿರುವ ವಿಶ್ವವಿದ್ಯಾಲಯದ್ದೇ ಆಗಿರಬೇಕು. ಸಂದರ್ಶನದಲ್ಲಿ ಒಂದು ಹೇಳಿ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಹೇಳಿದರೆ ಅಲ್ಲಿಂದಲೇ ವಾಪಸು ಕಳಿಸುವ ಅಧಿಕಾರ ಅಲ್ಲಿನ ಅಧಿಕಾರಿಗೆ ಇದೆ, ಆ ದಾಖಲೆ ಮುಂದಿನ ಪ್ರತಿ ಅರ್ಜಿಯಲ್ಲೂ ನಿಮ್ಮನ್ನು ಹಿಂಬಾಲಿಸುತ್ತದೆ. ವೀಸಾ ಈಗಾಗಲೇ ಅಂಟಿಸಿಕೊಂಡ ಮೇಲೆ ಮನಸ್ಸು ಬದಲಾಯಿಸಿದವರು ಹೊಸ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಯನ್ನೂ ಕಾನ್ಸುಲೇಟನ್ನೂ ಕೇಳಿಯೇ ಟಿಕೆಟ್ ತೆಗೆಯಬೇಕು. ನಿಮಗೆ ಆ ತೊಡಕು ಇನ್ನೂ ಬಂದಿಲ್ಲದಿದ್ದರೆ ಒಳ್ಳೆಯದೇ ಆಯಿತು.

ಇದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳುವವರು ಅನೇಕರು, ಅವರಿಗೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೆರವಿಲ್ಲದೆ ಸ್ವಂತ ಖರ್ಚಿನಲ್ಲಿ ಎಂ.ಎಸ್.ಗೆ ಹೋಗುವವರಿಗೆ ಏಪ್ರಿಲ್ 15ರ ನಿರ್ಣಯ ಅನ್ವಯಿಸುವುದಿಲ್ಲ. ಅಲ್ಲಿ ಕಳೆದುಕೊಳ್ಳುವುದು ಬಹುತೇಕ ಠೇವಣಿಯನ್ನು. ಆದರೆ ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾಗಿರುವುದು ಒಂದು ವಿಶ್ವವಿದ್ಯಾಲಯದ ಹೆಸರಿಗೆ, ಒಂದು ಕೋರ್ಸಿಗೆ. ಬದಲಿಸಿದರೆ ಕಡತ ಮತ್ತೆ ಮೊದಲಿನಿಂದ ಓಡಬೇಕಾದೀತು, ಆದ್ದರಿಂದ ಮ್ಯಾನೇಜರನ್ನು ಮೊದಲು ಕಾಣಿ. ಸರ್ಕಾರದ ವಿದ್ಯಾರ್ಥಿವೇತನ ಪಡೆದವರು ಮಂಜೂರಾತಿ ಆದೇಶದಲ್ಲಿರುವ ವಿಶ್ವವಿದ್ಯಾಲಯವನ್ನು ಬದಲಿಸಲು ಅನುಮತಿ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳದೆ ಏನನ್ನೂ ಬಿಡಬಾರದು. ಬ್ರಿಟನ್ನಿನ ವಿಶ್ವವಿದ್ಯಾಲಯಕ್ಕೆ ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಟ್ಟವರು ಅಲ್ಲಿನ ಗ್ರಾಹಕ ನಿಯಮದಂತೆ ಇರುವ 14 ದಿನಗಳ ರದ್ದತಿ ಅವಧಿಯನ್ನು ತಮ್ಮ ಪತ್ರದಲ್ಲಿ ಹುಡುಕಲಿ. ಅದು ಕಳೆದರೆ ಠೇವಣಿ ಮರಳುವುದು ಹೆಚ್ಚಾಗಿ ವೀಸಾ ನಿರಾಕರಣೆಯಾದಾಗ ಮಾತ್ರ.

ನಮ್ಮ ದೇಶದೊಳಗೆ ಬದಲಿಸುವವರ ಸ್ಥಿತಿ ಎಷ್ಟೋ ಮೇಲು. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ ಹಿಂದಿರುಗಬೇಕು. ಸಂಸ್ಕರಣಾ ವೆಚ್ಚವೆಂದು ಹಿಡಿಯಬಹುದಾದದ್ದು ಶೇ. 5, ಅದೂ 5,000 ರೂಪಾಯಿ ಮೀರುವಂತಿಲ್ಲ. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಬಿಟ್ಟರೆ ಶೇ. 90, ಆ ದಿನದ ನಂತರ 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ನಂತರದ ಕೆಲವು ವರ್ಷಗಳ ಸುತ್ತೋಲೆಗಳು ಇನ್ನೂ ಉದಾರವಾಗಿವೆ: 2024–25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಮರುಪಾವತಿ ಎಂದಿತ್ತು. ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ ಎಂಬುದನ್ನೂ ಅದೇ ಅಧಿಸೂಚನೆ ಸ್ಪಷ್ಟವಾಗಿ ಹೇಳುತ್ತದೆ. ಕೊಡುವುದಿಲ್ಲ ಎಂದರೆ ಆ ಪ್ರತಿಯನ್ನು ಮೇಜಿನ ಮೇಲಿಟ್ಟು ಕೇಳಿ. ಗೇಟ್ ಪರೀಕ್ಷೆ ಬರೆದು ಐಐಟಿಗಳ ಎಂ.ಟೆಕ್.ಗೆ ಹೊರಟವರು, ಆ ಆಫರ್‌ಗಳು ಒಂದೇ ಕಡೆ ಬರುವ ಸಿಒಎಪಿ ಪೋರ್ಟಲ್‌ನಲ್ಲಿ ‘ರಿಟೇನ್ ಅಂಡ್ ವೇಟ್’ ಎಂಬುದನ್ನು ಆರಿಸಿದರೆ ಸೀಟು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು. ‘ಆಕ್ಸೆಪ್ಟ್ ಅಂಡ್ ಫ್ರೀಜ್’ ಒತ್ತಿದರೆ ಮುಂದಿನ ಸುತ್ತುಗಳ ಬಾಗಿಲು ಮುಚ್ಚುತ್ತದೆ. ಮನಸ್ಸು ಬದಲಾಗುವ ಸಾಧ್ಯತೆಗೆ ವ್ಯವಸ್ಥೆಯೇ ಜಾಗ ಕೊಟ್ಟಿರುವಾಗ, ಅವಸರಪಟ್ಟು ಅದನ್ನು ಕಳೆದುಕೊಳ್ಳಬೇಡಿ.

ಮತ್ತೆ ನಿಮ್ಮ ಅಪ್ಪನ ವಿಷಯ. ಅವರು ಬಂಧುಗಳಿಗೆ ಹೇಳಿರುವುದು ಮಗಳಿಗೆ ಅಮೆರಿಕದಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ ಎಂದು. ಆ ಮಾತು ಸುಳ್ಳಾಗುವುದಿಲ್ಲ. ಬದಲಾಗುವುದು ಊರಿನ ಹೆಸರು ಮಾತ್ರ. ಅವರಿಗಿರುವ ನಿಜವಾದ ಭಯ, ಇದನ್ನು ಬಿಟ್ಟು ಅದೂ ಕೈತಪ್ಪಿದರೆ ಮಗಳು ಒಂದು ವರ್ಷ ಮನೆಯಲ್ಲಿ ಕೂರಬೇಕಾಗುತ್ತದೆ ಎಂಬುದಿರಬೇಕು. ಆ ಭಯ ನ್ಯಾಯವಾದದ್ದು. ಆದ್ದರಿಂದ ಎರಡನೆಯವರ ಆಫರ್ ಪತ್ರವನ್ನು ಅವರ ಮುಂದಿಟ್ಟು, ಸ್ಟೈಪೆಂಡ್ ಎಷ್ಟು, ಎಷ್ಟು ವರ್ಷಕ್ಕೆ, ವಿಮೆ ಯಾರದ್ದು ಎಂದು ಒಂದೊಂದೇ ಸಾಲನ್ನು ಓದಿ ಹೇಳಿ. ಆ ಪತ್ರ ಅಸ್ಪಷ್ಟವಾಗಿದ್ದರೆ ಅವರಿಗೆ ಹೇಳುವಾಗಲೇ ನಿಮಗೂ ಅದು ಗೊತ್ತಾಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಇವತ್ತು ಆ ಪ್ರಾಧ್ಯಾಪಕರಿಗೆ, ಅವರ ವಿದ್ಯಾರ್ಥಿಗಳಿಗೆ ಇಮೇಲ್; ಎರಡನೆಯ ವಿಭಾಗಕ್ಕೆ ನೆರವಿನ ವಿವರ ಕೇಳಿ ಇನ್ನೊಂದು. ಉತ್ತರಗಳು ಬಂದ ಮೇಲೆ ನಿಮ್ಮ ಮುಖ್ಯಸ್ಥರೊಂದಿಗೆ ಮಾತು. ಆ ದಿನವೇ ಮೊದಲ ವಿಶ್ವವಿದ್ಯಾಲಯಕ್ಕೆ ಪತ್ರ. ಬಿಡುಗಡೆ ಬಂದ ಮೇಲೆ ಎರಡನೆಯವರಿಗೆ ಒಪ್ಪಿಗೆ. ಈ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ. ಎರಡನೆಯವರಿಗೆ ಮೊದಲೇ ಒಪ್ಪಿಗೆ ಕಳಿಸಿದರೆ ಒಂದು ಗಂಟೆಯ ಮಟ್ಟಿಗಾದರೂ ನೀವು ಇಬ್ಬರಿಗೆ ಮಾತು ಕೊಟ್ಟವರಾಗುತ್ತೀರಿ.

ಪ್ರಾಧ್ಯಾಪಕರು ಈ ವರ್ಷ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ ಎಂದು ಬರೆದರೆ, ಅಥವಾ ನೆರವು ಒಂದು ವರ್ಷಕ್ಕೆ ಮಾತ್ರ ಎಂದು ತಿಳಿದುಬಂದರೆ, ಎರಡನೆಯವರಿಗೆ ಆ ದಿನವೇ ಕೃತಜ್ಞತೆ ಹೇಳಿ ಬೇಡವೆಂದು ತಿಳಿಸಿ. ಅಲ್ಲಿಯೂ ನಿಮ್ಮ ಹಿಂದೆ ಒಬ್ಬರು ಕಾಯುತ್ತಿರುತ್ತಾರೆ. ಆಗ ಮೊದಲ ವಿಶ್ವವಿದ್ಯಾಲಯಕ್ಕೆ ನೀವು ಏನನ್ನೂ ವಿವರಿಸಬೇಕಾಗಿಲ್ಲ. ಐ-20ಕ್ಕಾಗಿ ಅವರು ಕೇಳಿರುವ ದಾಖಲೆಗಳನ್ನು ಕಳಿಸಿ, ವೀಸಾ ಸಂದರ್ಶನಕ್ಕೆ ದಿನ ಗೊತ್ತುಮಾಡಿಕೊಳ್ಳಿ.